"ಬಟ್ ಯು ಸೆಡ್ ಯು ವುಡ್" ಎಂದ ಗಿಳಿರಾಯರ ಮೇಲೆ ದರ್ಜಿಯ ದೂರು

ಮಾನ್ಯ ಗಿಳಿರಾಯರೇ,

ತಮ್ಮ ಬೂದು ಗರಿಗಳ ಹೊಳಪು ಹೀಗೇ ಇರಲಿ, ತಮ್ಮ ಕೆಂಪು ಬಾಲದ ಠೀವಿ ದಿನೇದಿನೇ ಹೆಚ್ಚಲಿ, ತಮ್ಮ ಬಟ್ಟಲಿನ ಸೂರ್ಯಕಾಂತಿ ಬೀಜ ಎಂದೂ ಬರಿದಾಗದಿರಲಿ ಎಂದು ಹಾರೈಸುತ್ತ, ತಮ್ಮನ್ನು ಕೆಲಕಾಲ ಅತಿಥಿಯಾಗಿ ಇರಿಸಿಕೊಂಡಿದ್ದ ದರ್ಜಿ ಅಂಗಡಿಯ ಮಾಲೀಕನಾದ ನಾನು, ಕೈಯಲ್ಲಿದ್ದ ಕತ್ತರಿಯನ್ನು ಗೌರವಪೂರ್ವಕವಾಗಿ ಕೆಳಗಿಟ್ಟು ಬರೆದುಕೊಳ್ಳುತ್ತಿರುವ ದೂರು ಏನೆಂದರೆ, ತಾವು ನನ್ನ ಬದುಕನ್ನು ಸರಿಪಡಿಸಿಬಿಟ್ಟಿದ್ದೀರಿ, ಮತ್ತು ಅದಕ್ಕೆ ನನ್ನ ಒಪ್ಪಿಗೆ ಕೇಳಿರಲಿಲ್ಲ.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಬೇಸರಪಟ್ಟುಕೊಳ್ಳಬಾರದು. ಖಾಸಗಿಯಾಗಿ ಬರೆದರೆ ಓದುವ ಮೊದಲೇ ಹರಿದು ಪಂಜರದ ತಳಕ್ಕೆ ಹಾಸಿಕೊಳ್ಳುವ ತಮ್ಮ ಅಭ್ಯಾಸವನ್ನು ನಾನು ಕಣ್ಣಾರೆ ಕಂಡವನು. ನಾಲ್ಕು ಜನರ ಮುಂದೆ ಓದಿಸಿದರಾದರೂ ತಮ್ಮ ಕಿವಿಗೆ ಬಿದ್ದೀತು ಎಂಬ ಆಸೆ.

ತಾವು ಮೊದಲು ನಮ್ಮ ಅಂಗಡಿಯ ಮೇಲಿನ ಮನೆಯಲ್ಲಿ ಇದ್ದವರು. ಆ ಮನೆಯ ಯಜಮಾನರಿಗೆ ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ. ನಾವು ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವರು. ಅವರು ಈಜು ಮೇಡಂ. ಇಬ್ಬರೂ ಬೇರೆ ಬೇರೆ ಊರಿನ, ಬೇರೆ ಬೇರೆ ಮಾತಿನ ಜನ. ನಮ್ಮ ಮಾತು ಇಬ್ಬರಿಗೂ ನೀರು, ಬಾಡಿಗೆ, ಗ್ಯಾಸ್ ಸಿಲಿಂಡರಿನ ಮಟ್ಟಿಗೆ ಬರುತ್ತಿತ್ತು. ಅವರವರ ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ಪ್ರೀತಿಸಿದ್ದೂ ಅದರಲ್ಲೇ ಇರಬೇಕು, ಜಗಳವಾಡುತ್ತಿದ್ದುದಂತೂ ಅದರಲ್ಲೇ, ಮತ್ತು ಆ ಜಗಳ ಛಾವಣಿ ದಾಟಿ ನನ್ನ ಹೊಲಿಗೆ ಯಂತ್ರದ ಮೇಲೆ ಸಣ್ಣಗೆ ಉದುರುತ್ತಿತ್ತು. ಕಿರುಚಾಟವಲ್ಲ, ಬಹಳ ಮರ್ಯಾದೆಯ, ಬಹಳ ತಣ್ಣನೆಯ ಜಗಳ. ಇಂಗ್ಲಿಷ್ ಹೆಚ್ಚು ಬಾರದ ನನಗೆ ಅದು ಇಬ್ಬರು ಒಂದು ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತಿರುವಂತೆ ಕೇಳುತ್ತಿತ್ತು.

ಹೀಗಿರುವಾಗ ಈಜು ಮೇಡಂಗೆ ದೂರದ ಇನ್ನೊಂದು ಊರಿನ ದೊಡ್ಡ ಈಜುಕೊಳದಲ್ಲಿ ಕೆಲಸ ಸಿಕ್ಕಿತು. ಅವರು ಹೋದರು. ಕನ್ನಡಕದವರು ಉಳಿದರು. ಹೆಂಡತಿ ಹೋದ ವಾರದಲ್ಲೇ ಅವರು ಪಂಜರ ಎತ್ತಿಕೊಂಡು ಮೆಟ್ಟಿಲಿಳಿದು ಬಂದು, ತಮ್ಮ ಗರಿ ಕಂಡರೆ ಅವರಿಗೆ ಅಲರ್ಜಿ ಎಂದೂ, ಸ್ವಲ್ಪ ದಿನ ನೋಡಿಕೊಳ್ಳಬೇಕೆಂದೂ ಕೇಳಿದರು. ಇಷ್ಟು ಕಾಲ ಇಲ್ಲದ ಅಲರ್ಜಿ ಇದ್ದಕ್ಕಿದ್ದಂತೆ ಹೇಗೆ ಬಂತೆಂದು ನಾನು ಯೋಚಿಸಲಿಲ್ಲ. ಇಂಗ್ಲಿಷ್ ಮಾತಾಡುವ ಗಿಳಿ ಅಂಗಡಿಯಲ್ಲಿದ್ದರೆ ಗಿರಾಕಿಗಳ ಮುಂದೆ ಒಂದು ತೂಕ ಬರುತ್ತದೆ ಎಂಬ ಹುರುಪಿನಲ್ಲಿ, ಕತ್ತರಿಸುವ ಮೇಜಿನ ಪಕ್ಕದ ಕೊಕ್ಕೆಗೆ ತಮ್ಮನ್ನು ನಾನೇ ತೂಗುಹಾಕಿದೆ. ನನ್ನ ಕೈಯಾರೆ ತೂಗುಹಾಕಿದೆ ಎಂಬುದನ್ನು ತಾವು ಗಮನಿಸಬೇಕು.

ಮಾರನೆಯ ದಿನ ಹೋಟೆಲಿನ ಮ್ಯಾನೇಜರು ಹೊಲಿಯಲು ಕೊಟ್ಟಿದ್ದ ಪ್ಯಾಂಟಿಗಾಗಿ ಬಂದರು. ನಾನು ಎಂದಿನಂತೆ ಹಣೆ ಒರೆಸಿಕೊಂಡು, "ಸಾರ್, ಕರೆಂಟೇ ಇರ್ಲಿಲ್ಲ. ಸೋಮವಾರ ಬನ್ನಿ, ಇಸ್ತ್ರಿ ಮಾಡಿ ರೆಡಿ ಇಟ್ಟಿರ್ತೀನಿ" ಎಂದೆ. ಇದು ನಮ್ಮ ವೃತ್ತಿಯಲ್ಲಿ ಸುಳ್ಳಲ್ಲ. ಕುಶಲ ವಿಚಾರಿಸಿದಂತೆ ಒಂದು ಸಂಪ್ರದಾಯ. ಅದನ್ನು ಮ್ಯಾನೇಜರೂ ಸಂಪ್ರದಾಯದಂತೆ ಒಪ್ಪಿಕೊಂಡು ಹೊರಡುವವರಿದ್ದರು. ಅಷ್ಟರಲ್ಲಿ ತಾವು ಕತ್ತು ಓರೆ ಮಾಡಿ, ಸಾಕ್ಷಾತ್ ಈಜು ಮೇಡಂ ದನಿಯಲ್ಲಿ, ಒಂದೊಂದು ಪದವನ್ನೂ ಬಿಡಿಸಿ, "ಬಟ್ ಯು ಸೆಡ್ ಯು ವುಡ್!" ಎಂದಿರಿ.

ಮ್ಯಾನೇಜರು ನಿಂತಲ್ಲೇ ನಿಂತರು. "ನೋಡಿ, ಕೊಡ್ತೀನಿ ಅಂದಿದ್ರಿ ಅಂತ ಪಕ್ಷಿಗೂ ಗೊತ್ತು," ಎಂದು ನನ್ನತ್ತ ಬೆರಳು ಮಾಡಿದರು. ನಾನು ಹಲ್ಲು ಕಿರಿದು, "ಹೋಗ್ಲಿ ಬಿಡಿ ಸಾರ್, ಅದಕ್ಕೇನು ತಿಳಿಯುತ್ತೆ" ಎನ್ನುತ್ತಿದ್ದಂತೆ ತಾವು ಈ ಬಾರಿ ಕನ್ನಡಕದವರ ದಪ್ಪ ದನಿಯಲ್ಲಿ, "ಐ ವುಡ್ ಇಫ್ ಐ ಕುಡ್, ಬಟ್ ಐ ಕಾಂಟ್" ಎಂದು ನನ್ನ ಪರವಾಗಿ ವಾದಿಸಿದಿರಿ. ವಾದಿ ಪ್ರತಿವಾದಿ ಇಬ್ಬರ ಪರವಾಗಿಯೂ ಒಂದೇ ಕೊಕ್ಕಿನಲ್ಲಿ ವಾದ ಮಾಡಬಲ್ಲ ತಮ್ಮ ಪ್ರತಿಭೆಗೆ ಮೆಚ್ಚಿ ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಆವತ್ತೇ ತಮಗೆ ವಕೀಲರು ಎಂದು ಹೆಸರಿಟ್ಟರು.

ಆ ಮಾತುಗಳ ಅರ್ಥವನ್ನು ನಮಗೆ ಬಿಡಿಸಿ ಹೇಳಿದವರು ಟೀಚರಮ್ಮ. ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಅವರ ಉದ್ದನೆಯ ಉಣ್ಣೆ ಕೋಟು ಆಗ ನನ್ನ ಬಳಿ ತೋಳಿಲ್ಲದೆ ನೇತಾಡುತ್ತಿತ್ತು, ಆದ್ದರಿಂದ ಅವರು ಆಗಾಗ ಬಂದು ಕೂರುತ್ತಿದ್ದರು. ಅವರು ತಮ್ಮ ಮಾತನ್ನು ಕೇಳಿ ಕಣ್ಣು ಮುಚ್ಚಿ ತಲೆದೂಗಿದರು. "ಎಷ್ಟು ಮಜಾ ನೋಡಿ. ಇದರ ಬಾಯಲ್ಲಿ ಒಂದೇ ಒಂದು ವಸ್ತುವಿನ ಹೆಸರಿಲ್ಲ. ಬರೀ ‘ಆದರೆ’, ‘ನೀವು’, ‘ಆಗ್ತಿತ್ತು’, ‘ಆಗಲ್ಲ’. ಜಗಳದಲ್ಲಿ ಸಾಮಾನೆಲ್ಲ ಹೋಗಿ ಬರೀ ಕೀಲು, ಬಿಜಾಗರಿ ಉಳಿದ ಹಾಗಿದೆ."

ನಮ್ಮ ಮನೆಯವರು ಗುಂಡಿ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ, "ನಮಗೆ ಅರ್ಥವಾಗೋ ಹಾಗೆ ಹೇಳಿ ಟೀಚರಮ್ಮ" ಎಂದರು. ಟೀಚರಮ್ಮ ಸುತ್ತ ನೋಡಿ, ಕಣ್ಣಿಗೆ ಕಂಡದ್ದರಲ್ಲೇ ಪಾಠ ಮಾಡಿದರು. ಬಟ್, ಅಂಡ್, ಇಫ್, ಸೋ ಎಂಬವು ಎರಡು ತುಂಡು ಬಟ್ಟೆಯನ್ನು ಸೇರಿಸುವ ದಾರವಂತೆ; ಅದರಲ್ಲಿ ಇಫ್ ಎಂಬುದು ಕಚ್ಚಾ ಹೊಲಿಗೆ, ಯಾವಾಗ ಬೇಕಾದರೂ ಎಳೆದು ಬಿಚ್ಚಬಹುದು. ಐ, ಯು, ಹಿ, ಶಿ ಎಂಬವು ಸಿದ್ಧ ಉಡುಪು, ಯಾರಿಗೆ ಬೇಕಾದರೂ ತೊಡಿಸಬಹುದು. ಅದರಲ್ಲೂ ಯು ಎಂಬುದು ಎಂಥ ಸಡಿಲವೆಂದರೆ ತೊಟ್ಟಿಲಿನ ಕೂಸಿಗೂ ಅದೇ, ನ್ಯಾಯಾಧೀಶರಿಗೂ ಅದೇ, ನೀನು ನೀವು ತಾವು ಎಂಬ ಅಳತೆಯೇ ಇಲ್ಲ. ಇನ್ನು ಮಸ್ಟ್, ಶುಡ್, ಮೇ, ಕುಡ್, ವುಡ್ ಎಂಬವು ಸೊಂಟದ ಎಲಾಸ್ಟಿಕ್ಕು. ಮಸ್ಟ್ ಬಿಗಿ, ಶುಡ್ ಅದಕ್ಕಿಂತ ಸ್ವಲ್ಪ ಹಗುರ, ಮೇ ಸಡಿಲ. ದಾರ, ಸಿದ್ಧ ಉಡುಪು, ಎಲಾಸ್ಟಿಕ್ಕು ಮೂರೂ ಸೇರಿಸಿ ಹೊಲಿದರೆ ಬಟ್ಟೆಯೇ ಇಲ್ಲದೆ ಒಂದು ಉಡುಪು ಸಿದ್ಧವಾಗುತ್ತದೆ, ಮತ್ತು ಅದು ಯಾರ ಮೈಗೆ ಬೇಕಾದರೂ ಕೂರುತ್ತದೆ.

ಅದು ನನ್ನ ಮೈಗೆ ಹೇಗೆ ಕೂತಿತು ಎಂಬುದೇ ನನ್ನ ದೂರಿನ ಮುಖ್ಯ ಭಾಗ. ತಮ್ಮ ಮಾತಿನಲ್ಲಿ ವಸ್ತುವಿನ ಹೆಸರಿಲ್ಲದ ಕಾರಣ ಅದು ಪ್ಯಾಂಟಿಗೂ ಸಲ್ಲುತ್ತಿತ್ತು, ಪರದೆಗೂ ಸಲ್ಲುತ್ತಿತ್ತು, ದಿಂಬಿನ ಗವಸಿಗೂ ಸಲ್ಲುತ್ತಿತ್ತು. ಯಾರು ಬಂದು "ಆಯ್ತಾ?" ಎಂದರೂ, ನಾನು ಬಾಯಿ ತೆರೆಯುವ ಮೊದಲೇ ತಾವು "ಬಟ್ ಯು ಸೆಡ್ ಯು ವುಡ್" ಎನ್ನುತ್ತಿದ್ದಿರಿ. ಬಟ್ಟೆ ಹೊಲಿಸದವರೂ ಬಂದು ನಿಂತು, "ಆಯ್ತಾ?" ಎಂದು ಸುಮ್ಮನೆ ಕೇಳಿ, ತಮ್ಮ ಬೈಗುಳ ಕೇಳಿಸಿಕೊಂಡು ನಕ್ಕು ಹೋಗುತ್ತಿದ್ದರು. ಈ ಅವಮಾನ ತಾಳಲಾರದೆ ನಾನು ಮಾಡಬಾರದ್ದನ್ನು ಮಾಡಿದೆ: ಹೇಳಿದ ದಿನಕ್ಕೆ ಬಟ್ಟೆ ಕೊಡತೊಡಗಿದೆ. ಬೀದಿಯ ಉಳಿದ ದರ್ಜಿಗಳು ಬಂದು, ಹೀಗೆ ಮಾಡಿದರೆ ನಮ್ಮ ಗತಿ ಏನು ಎಂದು ಕೇಳಿದರು. ಅವರಿಗೆ ಏನು ಉತ್ತರ ಕೊಡಲಿ? ಟೀಚರಮ್ಮನ ಕೋಟಿಗೆ ಮಾತ್ರ ಒಂದು ತೋಳು ಉಳಿಸಿಕೊಂಡೆ, ಅದೂ ಅವರೇ, "ನಿಧಾನಕ್ಕೆ ಮಾಡಿ, ಇಲ್ಲಾಂದ್ರೆ ನಾನು ಬಂದು ಕೂರೋಕೆ ಕಾರಣ ಇರಲ್ಲ" ಎಂದು ಕೇಳಿಕೊಂಡದ್ದರಿಂದ.

ಇಷ್ಟಕ್ಕೇ ನಿಂತಿದ್ದರೆ ಕ್ಷಮಿಸುತ್ತಿದ್ದೆ. ಆದರೆ ತಾವು ನನ್ನ ಸಂಸಾರಕ್ಕೂ ಕೊಕ್ಕು ಹಾಕಿದಿರಿ. ನಮ್ಮ ಮನೆಯವರು ಬಹಳ ಬೇಗ ತಮ್ಮ ಮಾತುಗಳನ್ನು ಕಲಿತರು. ನಮ್ಮ ಮಾತಿನಲ್ಲಿ ನಾವು ಜಗಳವಾಡುವಾಗ ಅದರೊಳಗೆ ನಮ್ಮಮ್ಮ ಬರುತ್ತಿದ್ದರು, ಹೆಂಡತಿಯ ತಮ್ಮ ಬರುತ್ತಿದ್ದ, ಎಂದೋ ಕಳೆದ ಒಂದು ಹಿತ್ತಾಳೆ ಕೊಳಗ ಬರುತ್ತಿತ್ತು. ಎಲ್ಲರನ್ನೂ ಕರೆದು ಕೂರಿಸಿ ಮುಗಿಸುವಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು. ಈಗ ಅವರು ಸೊಂಟದ ಮೇಲೆ ಕೈಯಿಟ್ಟು, "ಯು ಕುಡ್, ಬಟ್ ಯು ವೋಂಟ್" ಎನ್ನುತ್ತಾರೆ. ನಾನು ಬಹಳ ಯೋಚಿಸಿ, "ಐ ವಿಲ್, ಬಟ್ ಐ ಮೇ ನಾಟ್" ಎನ್ನುತ್ತೇನೆ. ಅವರು, "ಸೋ ಐ ಮಸ್ಟ್?" ಎನ್ನುತ್ತಾರೆ. ಅಲ್ಲಿಗೆ ಪದಗಳು ಮುಗಿದು ಇಬ್ಬರಿಗೂ ನಗು ಬರುತ್ತದೆ. "ಇದು ಎಷ್ಟು ಶುದ್ಧವಾಗಿದೆ ನೋಡ್ರೀ," ಎಂದರು ಒಮ್ಮೆ, "ಯಾರ ತವರುಮನೆಯೂ ಬರಲ್ಲ." ಹೀಗೆ ಜಗಳವೆಂಬ ಬೆಚ್ಚಗಿನ ಸಂಪತ್ತನ್ನು ತಾವು ನಮ್ಮಿಂದ ಕಿತ್ತುಕೊಂಡಿರಿ ಎಂಬುದನ್ನು ದುಃಖದಿಂದ ದಾಖಲಿಸುತ್ತೇನೆ.

ಇನ್ನು ಇಸ್ತ್ರಿ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ನನ್ನ ದೂರು ಸ್ವಲ್ಪ ದಾರಿ ತಪ್ಪಿದಂತೆ ತಮಗೆ ಕಂಡರೆ ತಾಳಿಕೊಳ್ಳಬೇಕು.

ಹೊಲಿದ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುವುದು ನಮ್ಮ ಮನೆಯವರ ಕೆಲಸ. ಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಕೂತು ಚುಂಯ್ ಎಂದಾಗಲೆಲ್ಲ ತಾವು ಅರಚಾಟ ಬಿಟ್ಟು, ಕಣ್ಣು ಅರೆಮುಚ್ಚಿ, ಈಜು ಮೇಡಂ ದನಿಯಲ್ಲೇ ಆದರೆ ನಾವು ಎಂದೂ ಛಾವಣಿಯಿಂದ ಕೇಳಿರದಷ್ಟು ಮೆಲ್ಲಗೆ, "ಇಫ್ ಹಿ ವುಡ್, ಐ ವುಡ್" ಎನ್ನುತ್ತಿದ್ದಿರಿ. ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದಿರಿ. ನಾನು ಅದಕ್ಕೆ ಕಿವಿಗೊಟ್ಟಿರಲಿಲ್ಲ. ನನ್ನನ್ನು ಬೈಯದ ಮಾತು ನನಗೇಕೆ? ನಮ್ಮ ಮನೆಯವರು ಮಾತ್ರ ಅದನ್ನು ಮನಸ್ಸಿಗೆ ಹಾಕಿಕೊಂಡು, ಟೀಚರಮ್ಮ ಬಂದಾಗ ಕೇಳಿದರು: "ಬೇರೆ ಎಲ್ಲದರಲ್ಲೂ ಯು ಇದೆ. ಇದರಲ್ಲಿ ಮಾತ್ರ ಹಿ ಅನ್ನತ್ತೆ. ಯಾಕೆ?"

"ಹಿ ಅಂದರೆ ಅವನು, ಅವರು. ಎದುರಿಗೆ ಇಲ್ಲದವರ ಬಗ್ಗೆ ಹೇಳೋದು," ಎಂದರು ಟೀಚರಮ್ಮ.

ನಮ್ಮ ಮನೆಯವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರು. "ಅಂದರೆ ಗಂಡ ಮನೇಲಿ ಇಲ್ಲದಾಗ ಹೇಳಿದ್ದು. ಆಯಮ್ಮನ ಕೆಲಸ ಮಧ್ಯಾಹ್ನದ ಮೇಲೆ ಇತ್ತಲ್ಲ, ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಬಟ್ಟೆಗೆ ಇಸ್ತ್ರಿ ಹಾಕ್ತಾ ಈ ಗಿಳಿ ಹತ್ತಿರ ಮಾತಾಡ್ತಿದ್ದರು. ಅದಕ್ಕೇ ಚುಂಯ್ ಅಂದಾಗ ಇದಕ್ಕೆ ನೆನಪು ಬರತ್ತೆ. ಆಯಪ್ಪನಿಗೆ ಈ ಮಾತು ಗೊತ್ತೇ ಇಲ್ಲ ಕಣ್ರೀ! ಮೇಡಂ ಹೋದ ಮೇಲೆ ಆ ಮನೇಲಿ ಇಸ್ತ್ರಿ ಪೆಟ್ಟಿಗೆ ಬಿಸಿಯಾಗೇ ಇಲ್ಲ. ಅವರ ಶರ್ಟು ನೋಡಿದ್ದೀರಲ್ಲ."

ನೋಡಿದ್ದೆ. ಅಗಿದು ಉಗಿದ ಹಾಗಿರುತ್ತಿತ್ತು. ನೋಡಿ ವೃತ್ತಿಯ ಮನುಷ್ಯನಾಗಿ ನೊಂದಿದ್ದೆ, ಅದಕ್ಕಿಂತ ಮುಂದೆ ಯೋಚಿಸಿರಲಿಲ್ಲ. ಅಲರ್ಜಿ ಎಂದದ್ದು ತಮ್ಮ ಗರಿಗಲ್ಲ, ತಮ್ಮ ಬಾಯಲ್ಲಿ ಬರುವ ಆ ದನಿಗೆ ಎಂಬುದು ನನಗೆ ಆ ಹೊತ್ತಿನಲ್ಲಿ ಹೊಳೆಯಿತು.

"ಆದರೆ ಏನು ಮಾಡಿದರೆ ಏನು ಮಾಡ್ತೀನಿ ಅಂತ?" ಎಂದು ನಾನು ಕೇಳಿದೆ. ಟೀಚರಮ್ಮ ಕೈಯಾಡಿಸಿದರು. ವುಡ್ ಎಂಬುದರ ಮುಂದೆ ಇರಬೇಕಾದ ಕೆಲಸವನ್ನು ಇಂಗ್ಲಿಷಿನವರು ನುಂಗಿಬಿಡಬಹುದಂತೆ, ಇಬ್ಬರಿಗೂ ಗೊತ್ತಿದ್ದರೆ ಸಾಕಂತೆ. "ಒಂದು ಮಾತ್ರ ಹೇಳಬಲ್ಲೆ," ಎಂದರು ಅವರು. "ವುಡ್ ಹ್ಯಾವ್ ಅಂದಿದ್ದರೆ ಮುಗಿದ ಕಥೆ. ‘ಅವರು ಮಾಡಿದ್ದರೆ ನಾನೂ ಮಾಡ್ತಿದ್ದೆ’, ಆಗಲಿಲ್ಲ, ಹೋಯಿತು. ಬರೀ ವುಡ್ ಅಂದರೆ ‘ಅವರು ಮಾಡಿದರೆ ನಾನೂ ಮಾಡೇನು’. ಬಾಗಿಲು ಇನ್ನೂ ಹಾಕಿಲ್ಲ."

ನಮ್ಮ ಮನೆಯವರು ನನ್ನ ಕಡೆ ತಿರುಗಿದರು. "ಹೋಗಿ ಹೇಳಿ ಬನ್ನಿ."

ಮೇಲ್ಮನೆಯ ಗಂಡಹೆಂಡಿರ ನಡುವೆ ದರ್ಜಿಗೇನು ಕೆಲಸ ಎಂದು ವಾದಿಸಿದೆ. "ಯು ಶುಡ್," ಎಂದರು ಅವರು. "ಬಟ್" ಎಂದೆ. "ಅಂಡ್ ಯು ವಿಲ್," ಎಂದರು. ಅಷ್ಟರಲ್ಲಿ ತಾವೂ ತಮ್ಮ ಅಮೂಲ್ಯ ಅಭಿಪ್ರಾಯವನ್ನು ಸೇರಿಸಿದ್ದರಿಂದ, ನಾನು ಕನ್ನಡಕದ ಅಂಗಡಿಗೆ ಹೋದೆ.

ಆ ಭೇಟಿಯ ಬಗ್ಗೆ ಹೆಚ್ಚು ಹೇಳಲಾರೆ. "ಸಾರ್, ನಿಮ್ಮ ಗಿಳಿ ಒಂದು ಮಾತು ಹೇಳ್ತಿದೆ" ಎಂದು ಶುರುಮಾಡಿದೆ. ಪಾಪ, ಅವರ ಮುಖ ಸಣ್ಣದಾಯಿತು. "ಗೊತ್ತು, ಗೊತ್ತು, ಸಾರಿ. ತುಂಬ ಮಾತು ಅದು," ಎಂದು ನನ್ನ ಭುಜ ಹಿಡಿದು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು, ನಾನು ಬಂದದ್ದು ಕಣ್ಣು ತೋರಿಸಲು ಎಂದು ಅವರು ತಿಳಿದರೋ, ಹಾಗೆ ತಿಳಿಯುವುದು ಅವರಿಗೆ ಸುಲಭವೆನಿಸಿತೋ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಒಂದಾದ ಮೇಲೊಂದು ಗಾಜು ಬದಲಾಯಿಸಿ, "ಇದು ಸರಿ? ಇದು ಸರಿ?" ಎಂದು ಎಷ್ಟು ಅಕ್ಕರೆಯಿಂದ ಕೇಳಿದರೆಂದರೆ, ಇಷ್ಟು ಒಳ್ಳೆಯ ಮನುಷ್ಯನಿಗೆ ಹೆಂಡತಿಯ ಮಾತನ್ನು ಗಿಳಿಯ ಬಾಯಿಂದ ಕೇಳಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ಬಂದಾಗ ನಮ್ಮ ಮನೆಯವರು ಬಾಗಿಲಲ್ಲೇ, "ಹೇಳಿದ್ರಾ?" ಎಂದರು, ಆಮೇಲೆ ನನ್ನ ಮುಖ ನೋಡಿ, "ಮೂಗಿನ ಮೇಲೆ ಅದೇನು?" ಎಂದರು. ಈಗ ಈ ಪತ್ರವನ್ನು ಬರೆಯುತ್ತಿರುವುದೂ ಆ ಕನ್ನಡಕದಿಂದಲೇ.

ಹೀಗೆ ನಾನು ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ ಎಂದು ದಿನ ದೂಡುತ್ತಿರುವಾಗ, ಈಜು ಮೇಡಂ ಬಂದೇಬಿಟ್ಟರು. ಉಳಿದ ಸಾಮಾನು ಕಟ್ಟಿಕೊಂಡು ಹೋಗಲು, ಮತ್ತು ತಮ್ಮನ್ನೂ ಕರೆದೊಯ್ಯಲು. ಅಂದು ಅಂಗಡಿಯಲ್ಲಿ ಟೀಚರಮ್ಮ ಕೋಟಿನ ಅಳತೆ ನೋಡಿಸುತ್ತಿದ್ದರು, ಒಂದು ತೋಳು ಮೈಮೇಲೆ, ಇನ್ನೊಂದು ನನ್ನ ಕೈಯಲ್ಲಿ. ಈಜು ಮೇಡಂ ಒಳಗೆ ಬಂದ ಕೂಡಲೇ ಈಜುಕೊಳದ ಔಷಧಿಯ ವಾಸನೆ ಬಂತು. ಹಿಂದೆಯೇ ಕನ್ನಡಕದವರು ಮೆಟ್ಟಿಲಿಳಿದು ಬಂದರು, ಆ ಶರ್ಟಿನಲ್ಲೇ. ಇಬ್ಬರೂ ತಮ್ಮ ಪಂಜರದ ಆಚೆಗೊಬ್ಬರು ಈಚೆಗೊಬ್ಬರು ನಿಂತರು.

ಆಮೇಲೆ ನಡೆದ ಮಾತಿನಷ್ಟು ಮರ್ಯಾದೆಯ ಮಾತನ್ನು ನಾನು ಕೇಳಿಲ್ಲ, ಅಷ್ಟು ಭಯವನ್ನೂ ಪಟ್ಟಿಲ್ಲ. "ಯು ಮೇ ಟೇಕ್ ಹಿಮ್, ಇಫ್ ಯು ಮಸ್ಟ್," ಎಂದರು ಕನ್ನಡಕದವರು. "ನೋ, ನೋ. ಯು ಶುಡ್ ಕೀಪ್ ಹಿಮ್. ಐ ಕ್ಯಾನ್ ಮ್ಯಾನೇಜ್," ಎಂದರು ಈಜು ಮೇಡಂ. "ಬಟ್ ಹಿ ಮೈಟ್ ಮಿಸ್ ಯು." "ಹಿ ಮೇ. ಬಟ್ ಹಿ ವೋಂಟ್ ಸೇ ಸೋ." ಟೀಚರಮ್ಮ ನಮ್ಮಿಬ್ಬರ ಕಿವಿಯಲ್ಲಿ ಅರ್ಥ ಉಸುರುತ್ತಿದ್ದರು. ಅವರು ಮಾತಾಡುತ್ತಿದ್ದ ಹಿ ತಾವಲ್ಲ ಎಂಬುದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಬಹುಶಃ ತಮ್ಮೊಬ್ಬರಿಗೆ ಬಿಟ್ಟು.

ನಮ್ಮ ಮಾತಿನಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಅನಿಸಿತು. ನಮ್ಮಲ್ಲಿ ‘ಬೇಕು’, ‘ಬೇಡ’, ‘ಬಹುದು’ ಎಲ್ಲ ಮಾತಿನ ಬಾಲದಲ್ಲಿ ಬರುತ್ತದೆ. ‘ನೀನು ಹೋಗ...’ ಎಂದು ಶುರುಮಾಡಿ, ಎದುರಿನವರ ಕಣ್ಣು ತುಂಬಿದ್ದು ಕಂಡರೆ ‘ಬಹುದು’ ಎನ್ನಲು ಹೊರಟವರು ಕೊನೆಯ ಗಳಿಗೆಯಲ್ಲಿ ‘ಬೇಡ’ ಎಂದು ಮುಗಿಸಬಹುದು. ಇಂಗ್ಲಿಷಿನವರು ಮೇ ಎಂದು ಮೊದಲೇ ಹೇಳಿ ಸಿಕ್ಕಿಹಾಕಿಕೊಳ್ಳುತ್ತಾರೆ, ಆಮೇಲೆ ಮುಖ ನೋಡಿ ಏನು ಪ್ರಯೋಜನ?

ಆಗ ನಮ್ಮ ಮನೆಯವರು ಯಾರಿಗೂ ಏನೂ ಹೇಳದೆ, ಹೋಟೆಲ್ ಮ್ಯಾನೇಜರ ಇನ್ನೊಂದು ಪ್ಯಾಂಟನ್ನು ಹಲಗೆಯ ಮೇಲೆ ಹಾಸಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಇಟ್ಟರು. ಚುಂಯ್ ಎಂದಿತು. ಮಾನ್ಯರೇ, ತಾವು ಆಗ ಏನು ಮಾಡಿದಿರಿ? ನನ್ನ ಕೆಮ್ಮನ್ನು ಕೆಮ್ಮಿದಿರಿ. ಅವರು ಮತ್ತೆ ನೀರು ಹಾಕಿ ಒತ್ತಿದರು. ತಾವು ಹೊಲಿಗೆ ಯಂತ್ರದ ಸದ್ದು ಮಾಡಿದಿರಿ. ದಿನವೂ ಬೇಡವೆಂದರೂ ಬಾಯಿ ಹಾಕುವವರು, ಬೇಕಾದ ಹೊತ್ತಿನಲ್ಲಿ ಹೀಗೆ ಮಾಡುವುದು ಯಾವ ನ್ಯಾಯ? ಈಜು ಮೇಡಂ ಪಂಜರದ ಕೊಕ್ಕೆಗೆ ಕೈಹಾಕಿದರು. ನಮ್ಮ ಮನೆಯವರು ಚೊಂಬಿನ ನೀರನ್ನೆಲ್ಲ ಸುರಿದು, ಕಾದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಹಬೆ ಎದ್ದು ಅವರ ಮುಖ ಕಾಣದಾಯಿತು. ಆ ಹಬೆಯ ಆಚೆಯಿಂದ, ಮೆಲ್ಲಗೆ, ತಾವು ಹೇಳಿದಿರಿ:

"ಇಫ್ ಹಿ ವುಡ್, ಐ ವುಡ್."

ಈಜು ಮೇಡಂ ಕೈ ಕೊಕ್ಕೆಯ ಮೇಲೇ ನಿಂತಿತು. ಅವರ ಕಿವಿ ಕೆಂಪಾಯಿತು. ಕನ್ನಡಕದವರು ಕನ್ನಡಕ ತೆಗೆದರು. ಸರಿಯಾಗಿ ಕೇಳಲು ಅದು ಅಡ್ಡವೇನೋ ಎಂಬಂತೆ.

"ಇಫ್ ಹಿ ವುಡ್ ವಾಟ್?" ಎಂದು ಕೇಳಿದರು.

ಮೇಡಂ ಗಂಡನ ಕಡೆ ನೋಡಲಿಲ್ಲ, ಪಂಜರದಲ್ಲಿದ್ದ ತಮ್ಮ ಕಡೆ ನೋಡಿದರು. "ಕಮ್," ಎಂದರು.

"ಬಟ್ ಯು ಸೆಡ್ ಐ ನೀಡಂಟ್."

"ಐ ಸೆಡ್ ಯು ನೀಡಂಟ್. ಐ ಡಿಡಂಟ್ ಸೇ ಯು ಶುಡಂಟ್."

ಟೀಚರಮ್ಮ ನಮ್ಮ ಕಿವಿಯಲ್ಲಿ, "‘ಬರಬೇಕಾಗಿಲ್ಲ ಅಂದೆ, ಬರಬಾರದು ಅನ್ನಲಿಲ್ಲವಲ್ಲ’ ಅಂತಿದ್ದಾರೆ" ಎಂದರು, ಮತ್ತು ಒಂದೇ ತೋಳಿನ ಕೋಟಿನಲ್ಲಿ ಕಣ್ಣು ಒರೆಸಿಕೊಂಡರು. ನಮಗೆ ಆಮೇಲೆ ತಿಳಿದದ್ದು ಇಷ್ಟು. ಗಂಡನ ಅಂಗಡಿಗೆ ತೊಂದರೆಯಾಗದಿರಲಿ ಎಂದು ಆಕೆ ಮರ್ಯಾದೆಗೆ ‘ನೀವು ಬರಬೇಕಾಗಿಲ್ಲ’ ಎಂದಿದ್ದರು. ತಾನು ಬೇಕಾಗಿಲ್ಲ ಎಂದು ಇವರು ಕೇಳಿಸಿಕೊಂಡರು. ಹೆಂಡತಿಯ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಇವರು ಮರ್ಯಾದೆಗೆ ‘ನೀನು ಹೋಗಬಹುದು’ ಎಂದಿದ್ದರು. ಹೊರಡು ಎಂದು ಆಕೆ ಕೇಳಿಸಿಕೊಂಡರು. ನಾನೂ ಬರಲಾ ಎಂದು ಗಂಡ ಒಂದು ಮಾತು ಕೇಳಿದರೆ, ಎಷ್ಟು ದಿನ ಬೇಕಾದರೂ ಕಾದು ಜೊತೆಗೇ ಹೊರಟೇನು ಎಂದು ಆಕೆ ದಿನಾ ಬೆಳಿಗ್ಗೆ ಇಸ್ತ್ರಿ ಹಲಗೆಯ ಮುಂದೆ ನಿಂತು ತಮಗೆ ಹೇಳುತ್ತಿದ್ದರು. ತಮಗೆ!

ಕನ್ನಡಕದವರು ಮಡಿಕೆ ಮಡಿಕೆಯಾದ ಶರ್ಟನ್ನು ಕೈಯಿಂದ ಎಳೆದು ನೇರ ಮಾಡಿಕೊಂಡು, "ಕ್ಯಾನ್ ಐ ಕಮ್?" ಎಂದರು.

"ಯು ಮಸ್ಟ್," ಎಂದರು ಮೇಡಂ.

ಇದಕ್ಕೆ ಟೀಚರಮ್ಮ ಅರ್ಥ ಹೇಳಲಿಲ್ಲ. ನಮ್ಮ ಮನೆಯವರು ಹಬೆಯೊಳಗಿಂದ, "ಆ ಊರಲ್ಲೂ ಜನರ ಕಣ್ಣು ಕೆಡತ್ತೆ ಬಿಡಿ ಅಣ್ಣಾ, ಅಂಗಡಿ ಅಲ್ಲೇ ಹಾಕಿ" ಎಂದರು. ಪ್ಯಾಂಟಿನ ಮೊಣಕಾಲಿನ ಮೇಲೆ ಕಂದು ಬಣ್ಣದ ತ್ರಿಕೋನವೊಂದು ಶಾಶ್ವತವಾಗಿ ಮೂಡಿತ್ತು. ಮ್ಯಾನೇಜರಿಗೆ ನಾನು ಹೊಸ ಪ್ಯಾಂಟು ಹೊಲಿದುಕೊಟ್ಟೆ, ಹೇಳಿದ ದಿನಕ್ಕೇ.

ಆಮೇಲೆ ಕನ್ನಡಕದವರು ಅಂಗಡಿ ಮುಚ್ಚಿ, ಗಾಜಿನ ಪೆಟ್ಟಿಗೆಗಳನ್ನು ಹುಲ್ಲಿನಲ್ಲಿ ಸುತ್ತಿ, ಆ ಊರಿಗೆ ಹೋದರು. ತಾವು ಹಿಂದಿನ ಸೀಟಿನಲ್ಲಿ ಕೂತು, ನಮ್ಮ ಮನೆಯವರು ಅಳುತ್ತಿದ್ದರೂ ಒಮ್ಮೆಯೂ ತಿರುಗಿ ನೋಡದೆ ಹೋದಿರಿ. ಮೇಲಿನ ಮನೆಗೆ ಈಗ ಬೇರೆ ಸಂಸಾರ ಬಂದಿದೆ. ಅವರು ನಮ್ಮ ಮಾತಿನಲ್ಲೇ ಜಗಳವಾಡುತ್ತಾರೆ. ಛಾವಣಿಯಿಂದ ಫ್ರಿಜ್ಜು, ಸ್ಕೂಟರು, ದೊಡ್ಡತ್ತೆ, ಸೋಫಾ ಎಲ್ಲ ಒಂದೊಂದಾಗಿ ಬೀಳುತ್ತವೆ. ಮೊದಲಿನ ಹಾಗೆ ಊಹಿಸಿಕೊಂಡು ಹೊಲಿಯುವ ಸುಖ ಇಲ್ಲ.

ಮೊನ್ನೆ ಕನ್ನಡಕದವರು ಫೋನ್ ಮಾಡಿದ್ದರು. ಹೊಸ ಅಂಗಡಿ ಚೆನ್ನಾಗಿ ನಡೆಯುತ್ತಿದೆಯಂತೆ. ಆದರೆ ತಾವು ಇಂಗ್ಲಿಷ್ ಪೂರ್ತಿ ಬಿಟ್ಟು, ಕನ್ನಡಕ ಕೊಳ್ಳಲು ಬಂದವರೆಲ್ಲರಿಗೂ ಗಂಟಲು ಸರಿಮಾಡಿಕೊಂಡು, ನನ್ನ ದನಿಯಲ್ಲಿ, "ಅಳತೆ ಸರಿಯಾಗೇ ಇದೆ, ನೀವೇ ದಪ್ಪ ಆಗಿದ್ದೀರಿ" ಎನ್ನುತ್ತೀರಂತೆ. ಅದರ ಅರ್ಥವೇನು ಎಂದು ಅವರು ಕೇಳಿದರು. ‘ತಮಗೆ ಸುಸ್ವಾಗತ’ ಎಂದು ಹೇಳಿದ್ದೇನೆ. ಆ ಊರಿಗೆ ನಮ್ಮ ಮಾತು ಬಲ್ಲವರು ಯಾರೂ ಕಾಲಿಡದಿರಲಿ ಎಂಬುದು ಈಗ ನನ್ನ ಪ್ರಾರ್ಥನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನ್ನಪಗಳೆಂದರೆ: ತಾವು ದಯಮಾಡಿ ಆ ವಾಕ್ಯವನ್ನು ಕೂಡಲೇ ಮರೆಯಬೇಕು, ಬೀದಿಯ ದರ್ಜಿಗಳ ಮುಂದೆ ಬಂದು, ನಾನು ಸಮಯಕ್ಕೆ ಬಟ್ಟೆ ಕೊಟ್ಟಿದ್ದು ನನ್ನ ಇಚ್ಛೆಯಿಂದಲ್ಲ ಎಂದು ಸಾಕ್ಷಿ ಹೇಳಬೇಕು, ಕತ್ತರಿಸುವ ಮೇಜಿನ ಪಕ್ಕದ ಆ ಖಾಲಿ ಕೊಕ್ಕೆಯನ್ನು ನೋಡಿ ನಮ್ಮ ಮನೆಯವರು ಮಾತು ನಿಲ್ಲಿಸುವುದನ್ನು ತಾವೇ ತಡೆಯಬೇಕು, ಮತ್ತು ಇಷ್ಟೆಲ್ಲ ಆದ ಮೇಲೆ ನಮ್ಮನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ನೆನಪಿಟ್ಟುಕೊಳ್ಳಬಾರದು ಎಂದು ಹೇಳುತ್ತಿಲ್ಲ ಎಂಬುದನ್ನು ಗಮನಿಸಿ.

ಬೆರಳಿಗೆ ಸೂಜಿ ಚುಚ್ಚಿಕೊಂಡರೂ ನಗುತ್ತಲೇ ಇರುವ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಅಂಗಡಿಯ ದರ್ಜಿ

ಮರೆತ ಮಾತು: ಈಜು ಮೇಡಂ ನಮ್ಮ ಮನೆಯವರನ್ನು ಒಂದು ವಾರ ಬಂದಿರಲು ಕರೆದಿದ್ದಾರೆ, ಈಜು ಕಲಿಸುತ್ತಾರಂತೆ. ನಮ್ಮ ಮನೆಯವರು ಬಟ್ಟೆಯ ಪೆಟ್ಟಿಗೆ ಕಟ್ಟುತ್ತಿದ್ದಾಗ ನಾನು ಮರ್ಯಾದೆ ಗಿರ್ಯಾದೆ ಬದಿಗಿಟ್ಟು, ನೇರವಾಗಿ, "ನಾನೂ ಬರಲಾ?" ಎಂದು ಕೇಳಿದೆ. ಅವರು ತಲೆ ಎತ್ತದೆ, "ನೋಡೋಣ" ಎಂದರು. ಟೀಚರಮ್ಮನ ಬಳಿ ಓಡಿಹೋಗಿ ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಮೇ ಹಾಕಬೇಕೋ ಮಸ್ಟ್ ಹಾಕಬೇಕೋ ಎಂದು ಕೇಳಿದರೆ, ಅವರು ಬಹಳ ಹೊತ್ತು ಯೋಚಿಸಿ, "ಅಷ್ಟು ಇಂಗ್ಲಿಷ್ ನನಗೆ ಬರಲ್ಲ" ಎಂದರು. ತಾವು ದೊಡ್ಡ ವಕೀಲರಲ್ಲವೇ, ತಮಗಾದರೂ ಗೊತ್ತಿದ್ದರೆ ಮರುಟಪಾಲಿನಲ್ಲಿ ತಿಳಿಸಿ. ನನ್ನ ಎರಡು ಶರ್ಟು ಪೆಟ್ಟಿಗೆಯ ಪಕ್ಕದಲ್ಲೇ ಮಡಚಿಟ್ಟುಕೊಂಡು ಕಾಯುತ್ತಿದ್ದೇನೆ.